‘ಕೇಜನ್’ ಸಾಸಿನ ಕೆಂಪು ಯಾರದು?

ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತಾದಾಗ ಓದಿ.

ನಮ್ಮ ಸಂಘಟನೆಯ ಹುಡುಗರು ಮೊನ್ನೆ ಕೆಂಡದ ಮೇಲೆ ಬಾಡು ಸುಟ್ಟು, ಅದಕ್ಕೆ ಸವರೋ ‘ಕೇಜನ್ ಬಿಯರ್ ಸಾಸ್’ ಮಾಡಿ ಫೋಟೊ ಹಾಕಿದ್ರು. ಕೆಳಗೆ ಒಬ್ಬರು ‘ಇದು ಅಮೆರಿಕದ ಬಿಳಿಯರ ಅಡುಗೆ, ನಮಗ್ಯಾಕೆ’ ಅಂತ ಬರೆದ್ರು. ಇನ್ನೊಬ್ಬರು ‘ಇಲ್ಲ, ಇದು ಕಪ್ಪು ಜನರ ಅಡುಗೆ’ ಅಂದ್ರು. ಇಬ್ಬರದ್ದೂ ಅರ್ಧರ್ಧ ಸರಿ. ಉಳಿದ ಅರ್ಧದಲ್ಲೇ ಇತಿಹಾಸ ಇರೋದು, ಅದಕ್ಕೇ ಬರೀತಿದೀನಿ.

ಮೊದಲು ಹೆಸರು. ಇವತ್ತಿನ ಕೆನಡಾದ ಪೂರ್ವ ಕರಾವಳಿಯಲ್ಲಿ, ಈಗ ನೋವಾ ಸ್ಕೋಷಿಯಾ ಅಂತ ಕರೆಯೋ ಜಾಗದಲ್ಲಿ, ‘ಅಕಾಡಿ’ ಅನ್ನೋ ಫ್ರೆಂಚ್ ವಸಾಹತು ಇತ್ತು. ಸಮುದ್ರದ ನೀರಿಗೆ ಒಡ್ಡು ಕಟ್ಟಿ ಹೊಲ ಮಾಡಿಕೊಂಡ ರೈತಾಪಿ ಜನ. ನೆಲ ಬ್ರಿಟಿಷರ ಕೈಗೆ ಹೋದಮೇಲೆ, ನಮ್ಮ ರಾಜನಿಗೆ ಯಾವ ಷರತ್ತೂ ಇಲ್ಲದೆ ನಿಷ್ಠೆಯ ಪ್ರಮಾಣ ಮಾಡಿ ಅಂದ್ರು. ಇವರು ಒಪ್ಪಲಿಲ್ಲ. 1755ರಲ್ಲಿ ಗ್ರಾಂ ಪ್ರೆ ಊರಿನ ಗಂಡಸರನ್ನ ಚರ್ಚಿಗೆ ಕರೆಸಿ, ಬಾಗಿಲು ಹಾಕಿ, ನಿಮ್ಮ ನೆಲ, ದನಕರು ಎಲ್ಲಾ ಸರ್ಕಾರದ್ದು, ನಿಮ್ಮನ್ನ ಗಡೀಪಾರು ಮಾಡಿದೀವಿ ಅಂತ ಆದೇಶ ಓದಿ ಹೇಳಿದ್ರು. ಮನೆಗಳಿಗೆ ಬೆಂಕಿ ಇಟ್ರು. ಮುಂದಿನ ಕೆಲ ವರ್ಷಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನ ಹಡಗಿಗೆ ತುಂಬಿ ದಿಕ್ಕಾಪಾಲು ಮಾಡಿದ್ರು. ಸಾವಿರಾರು ಜನ ರೋಗದಲ್ಲಿ, ಹಡಗು ಮುಳುಗಿ ಸತ್ರು. ಉಳಿದವರಲ್ಲಿ ಕೆಲವರು 1765ರ ಹೊತ್ತಿಗೆ ಲೂಸಿಯಾನದ ಜೌಗು ನೆಲಕ್ಕೆ ಬಂದು ಸೇರಿದ್ರು. ‘ಅಕಾಡಿಯನ್’ ಬಾಯಿಂದ ಬಾಯಿಗೆ ಸವೆದು ‘ಕಾಡಿಯನ್’ ಆಯ್ತು, ಇಂಗ್ಲಿಷರ ನಾಲಗೆಯಲ್ಲಿ ‘ಕೇಜನ್’ ಆಯ್ತು.

ಅಂದ್ರೆ ಕೇಜನರು ಊರಿಂದ ಓಡಿಸಿಕೊಂಡ ಜನ. ಅಲ್ಲಿಗೂ ಮುಗೀಲಿಲ್ಲ. 1921ರ ಲೂಸಿಯಾನ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷ್ ಒಂದೇ ಅಂತ ಮಾಡಿತು. ಮನೆಮಾತು ಫ್ರೆಂಚ್ ಆಡಿದ ಮಕ್ಕಳಿಗೆ ಏಟು ಬೀಳ್ತಿತ್ತು, ‘ಇನ್ನು ಫ್ರೆಂಚ್ ಮಾತಾಡಲ್ಲ’ ಅಂತ ನೂರಾರು ಸಾಲು ಬರೆಸ್ತಿದ್ರು. ಕೇಜನ್ ಅನ್ನೋದೇ ಬಹುಕಾಲ ಬೈಗುಳವಾಗಿತ್ತು.

ಇಷ್ಟು ಓದಿ ಕಣ್ಣು ಒದ್ದೆಯಾದವರಿಗೆ ಇನ್ನೊಂದು ಹೆಸರು ಹೇಳ್ತೀನಿ. ಅಲೆಕ್ಸಾಂಡ್ರ್ ಮೂಟಾನ್. ಇದೇ ಅಕಾಡಿಯನ್ ಕುಲದವನು, 1843ರಲ್ಲಿ ಲೂಸಿಯಾನದ ಗವರ್ನರ್ ಆದ. ಕಬ್ಬಿನ ತೋಟದ ಒಡೆಯ, ಗುಲಾಮರ ಒಡೆಯ. 1861ರಲ್ಲಿ, ಗುಲಾಮಗಿರಿ ಉಳಿಸಿಕೊಳ್ಳೋಕೆ ಅಮೆರಿಕದಿಂದಲೇ ಬೇರೆಯಾಗ್ತೀವಿ ಅಂತ ಲೂಸಿಯಾನ ಸಭೆ ಸೇರಿದಾಗ ಅಧ್ಯಕ್ಷತೆ ಇವನದೇ. ಗಡೀಪಾರಾದ ಜನದ ವಂಶ ನೂರೇ ವರ್ಷದಲ್ಲಿ ಇನ್ನೊಬ್ಬರ ಕೊರಳ ಸರಪಳಿ ಹಿಡಿದು ನಿಂತಿತ್ತು. ಎಲ್ಲ ಕೇಜನರೂ ಹಾಗಲ್ಲ, ಬಹಳ ಜನ ಬಡ ರೈತರು, ಮೀನುಗಾರರು. ಆದ್ರೆ ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದಿದ್ದನ್ನ ಓದಿದ ನಮಗೆ ಇದು ಹೊಸದೇನಲ್ಲ. ಮೇಲಿನವನಿಂದ ಒದೆ ತಿಂದವನು ಕೆಳಗೆ ನೋಡಿ ಒದೆಯೋದನ್ನ ನಾವು ದಿನಾ ನಮ್ಮ ಊರಲ್ಲೇ ನೋಡ್ತೀವಿ. ಅಲ್ಲಿಯದು ಬಣ್ಣ, ಇಲ್ಲಿಯದು ಜಾತಿ, ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಮೆಟ್ಟಿಲು ಮಾತ್ರ ಗುರುತು ಸಿಗುತ್ತೆ.

ಈಗ ಪಾತ್ರೆಯೊಳಗೆ ನೋಡೋಣ. ಅಕಾಡಿಯನ್ನರು ಬರೋಕೆ ಮುಂಚೆಯೇ, 1719ರಲ್ಲಿ, ಆಫ್ರಿಕಾದಿಂದ ಮೊದಲ ಗುಲಾಮರ ಹಡಗುಗಳು ಲೂಸಿಯಾನಕ್ಕೆ ಬಂದಿದ್ವು. ಹಡಗಿನ ಕ್ಯಾಪ್ಟನ್‌ಗಳಿಗೆ ಕಂಪನಿಯ ಸೂಚನೆ ಏನಿತ್ತು ಗೊತ್ತಾ? ಭತ್ತ ಬೆಳೆಯೋದು ಗೊತ್ತಿರೋ ಜನರನ್ನೇ ತನ್ನಿ, ಜೊತೆಗೆ ಬಿತ್ತನೆ ಭತ್ತವನ್ನೂ ತನ್ನಿ ಅಂತ. ಫ್ರೆಂಚರಿಗೆ ಆ ಜೌಗಲ್ಲಿ ಅನ್ನ ಹುಟ್ಟಿಸೋದು ಗೊತ್ತಿರಲಿಲ್ಲ. ಕದ್ದದ್ದು ಬರೀ ಮೈಯನ್ನಲ್ಲ, ತಲೆಯೊಳಗಿನ ವಿದ್ಯೆಯನ್ನೂ. 1724ರಲ್ಲಿ ‘ಕೋಡ್ ನ್ವಾರ್’, ಅಂದ್ರೆ ಕಪ್ಪು ಸಂಹಿತೆ, ಜಾರಿಗೆ ಬಂತು. ಕಪ್ಪು ಮನುಷ್ಯನನ್ನ ಆಸ್ತಿ ಅಂತ ಬರೆದಿಟ್ಟ ಕಾನೂನು. ನಮ್ಮ ಮನುವಿನ ದೂರದ ನೆಂಟ ಅನ್ನಿ.

ಲೂಸಿಯಾನದ ಹೆಸರಾಂತ ಸಾರು ‘ಗಂಬೊ’. ಆ ಪದ ಬಂದದ್ದು ಆಫ್ರಿಕಾದ ಬಂಟು ಭಾಷೆಗಳಲ್ಲಿ ಬೆಂಡೆಕಾಯಿಗೆ ಇರೋ ಹೆಸರಿಂದ. ಬೆಂಡೆಯ ಲೋಳೆಯಿಂದ ಸಾರು ಗಟ್ಟಿಯಾಗುತ್ತೆ. ಅದೇ ಸಾರಿಗೆ ಸಾಸಫ್ರಾಸ್ ಮರದ ಎಲೆಪುಡಿ ಹಾಕೋದನ್ನ ಕಲಿಸಿದವರು ಅಲ್ಲಿನ ಮೂಲನಿವಾಸಿ ಚಾಕ್ಟಾ ಜನ. ಈರುಳ್ಳಿ, ಸೆಲರಿ, ದಪ್ಪ ಮೆಣಸಿನಕಾಯಿ ಮೂರನ್ನೂ ಹುರಿದು ಒಗ್ಗರಣೆ ಕಟ್ಟೋದಕ್ಕೆ ಅಲ್ಲಿ ‘ಪವಿತ್ರ ತ್ರಿಮೂರ್ತಿ’ ಅಂತಾರೆ. (ಪಾವಿತ್ರ್ಯದ ಕಾಟ ಎಲ್ಲಿ ಹೋದ್ರೂ ತಪ್ಪಲ್ಲ.)

ಇನ್ನು ಕೆಂಡ. ‘ಬಾರ್ಬೆಕ್ಯು’ ಅನ್ನೋದು ಕೆರಿಬಿಯನ್ ದ್ವೀಪಗಳ ಟೈನೊ ಜನರ ಮಾತಿಂದ ಬಂದದ್ದು. ಅಮೆರಿಕದ ದಕ್ಷಿಣದಲ್ಲಿ ಅದನ್ನ ಮಾಡಿದ ಕೈಗಳು ಮಾತ್ರ ಬಹುಪಾಲು ಗುಲಾಮರವು. ಒಡೆಯನ ಮನೆ ಹಬ್ಬ ಅಂದ್ರೆ ಹಿಂದಿನ ದಿನವೇ ಉದ್ದಕ್ಕೆ ಗುಂಡಿ ತೋಡಬೇಕು, ಕಟ್ಟಿಗೆ ಸುಟ್ಟು ಕೆಂಡ ಮಾಡಬೇಕು, ಇಡೀ ಪ್ರಾಣಿಯನ್ನ ಕಂಬಿಗಳ ಮೇಲೆ ಮಲಗಿಸಿ ರಾತ್ರಿಯೆಲ್ಲಾ ಕೂತು ತಿರುಗಿಸಬೇಕು. ಮಾಂಸ ಒಣಗದ ಹಾಗೆ ಬಟ್ಟೆ ಕಟ್ಟಿದ ಕೋಲನ್ನ ಖಾರದ ರಸದಲ್ಲಿ ಅದ್ದಿ ಸವರ್ತಾ ಇರಬೇಕು. ಇವತ್ತಿನ ಬಾರ್ಬೆಕ್ಯು ಸಾಸ್‌ಗಳ ಅಜ್ಜಿ ಆ ರಸ. 1930ರ ದಶಕದಲ್ಲಿ ಅಮೆರಿಕ ಸರ್ಕಾರ, ಗುಲಾಮರಾಗಿ ಹುಟ್ಟಿ ಇನ್ನೂ ಬದುಕಿದ್ದ ವೃದ್ಧರ ನೆನಪುಗಳನ್ನ ಬರೆಸಿಕೊಳ್ತು. ಅದರಲ್ಲಿ ದಕ್ಷಿಣ ಕ್ಯಾರೊಲಿನಾದ ವೆಸ್ಲಿ ಜೋನ್ಸ್ ಅನ್ನೋ ಮುದುಕ ತಾನು ರಾತ್ರಿಯೆಲ್ಲಾ ಸವರುತ್ತಿದ್ದ ರಸದ ಲೆಕ್ಕ ಕೊಟ್ಟಿದ್ದಾರೆ. ವಿನೆಗರ್, ಕರಿಮೆಣಸು, ಕೆಂಪು ಮೆಣಸು, ಉಪ್ಪು, ಬೆಣ್ಣೆ, ಸೇಜ್, ಕೊತ್ತಂಬರಿ, ತುಳಸಿ ಜಾತಿಯ ಬೇಸಿಲ್, ಈರುಳ್ಳಿ, ಬೆಳ್ಳುಳ್ಳಿ. ಎಪ್ಪತ್ತು ವರ್ಷ ಆದಮೇಲೂ ಒಂದೂ ಮರೆತಿರಲಿಲ್ಲ. ಇದನ್ನ ಅಡುಗೆ ಪುಸ್ತಕ ಅಂತ ಯಾರೂ ಅಚ್ಚು ಹಾಕಲಿಲ್ಲ, ಸರ್ಕಾರಿ ಕಡತದಲ್ಲಿ ಉಳೀತು. ಗುಮಾಸ್ತನಾಗಿ ಹೇಳ್ತೀನಿ, ಕಡತಗಳನ್ನ ಕೀಳಾಗಿ ನೋಡಬೇಡಿ.

ಸಾಸಿನ ಕೆಂಪಿನ ವಿಷಯಕ್ಕೆ ಬರೋಣ. ಲೂಸಿಯಾನದ ಏವರಿ ದ್ವೀಪದಲ್ಲಿ 1868ರಲ್ಲಿ ಎಡ್ಮಂಡ್ ಮೆಕ್‌ಇಲೆನಿ ಅನ್ನೋ ಮಾಜಿ ಬ್ಯಾಂಕರ್ ಮೆಣಸಿನಕಾಯಿ ಬೆಳೆದು ‘ಟಬಾಸ್ಕೊ’ ಶುರು ಮಾಡಿದ. ಮಾರನೇ ವರ್ಷ 658 ಬಾಟಲಿ ಮಾರುಕಟ್ಟೆಗೆ ಹೋಯ್ತು. ಆ ದ್ವೀಪ ಅವನ ಹೆಂಡತಿ ಮನೆಯವರ ಕಬ್ಬಿನ ತೋಟ. ಗುಲಾಮಗಿರಿ ಕಾಗದದ ಮೇಲೆ ಮುಗಿದು ಆಗಿನ್ನೂ ಮೂರೇ ವರ್ಷ. ಅಲ್ಲಿ ಹಣ್ಣು ಕೀಳೋರ ಕೈಗೆ ಕೆಂಪು ಬಣ್ಣ ಬಳಿದ ಚಿಕ್ಕ ಕಡ್ಡಿ ಕೊಡೋ ಪದ್ಧತಿ ಇದೆ. ಕಾಯಿ ಆ ಕಡ್ಡಿಯಷ್ಟು ಕೆಂಪಾಗಿದ್ರೆ ಮಾತ್ರ ಕೀಳಬೇಕು. ಆಮೇಲೆ ಉಪ್ಪು ಬೆರೆಸಿ ಅರೆದು ಮರದ ಪೀಪಾಯಿಯಲ್ಲಿ ಮೂರು ವರ್ಷದವರೆಗೆ ಹುಳಿ ಬರಿಸ್ತಾರೆ. ಕಡ್ಡಿಯ ಹೆಸರು ಪ್ರಪಂಚಕ್ಕೆ ಗೊತ್ತು. ಕಡ್ಡಿ ಹಿಡಿದು ಬಿಸಿಲಲ್ಲಿ ಬಗ್ಗಿದವರ ಹೆಸರು ಯಾವ ಬಾಟಲಿ ಮೇಲೂ ಇಲ್ಲ.

ಮೆಣಸಿನಕಾಯಿ ಹುಟ್ಟಿದ್ದೇ ಅಮೆರಿಕ ಖಂಡದಲ್ಲಿ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಗೋವಾಕ್ಕೆ ತಂದಮೇಲೇ ನಮ್ಮ ಬ್ಯಾಡಗಿ, ನಮ್ಮ ಗುಂಟೂರು. ‘ನಮ್ಮ ಸನಾತನ ಆಹಾರ’ ಅಂತ ಎದೆ ಬಡಿದುಕೊಳ್ಳೋರಿಗೆ ಸಾರಿನ ಮೆಣಸಿನಕಾಯಿ ತೆಗೆದು ಬಡಿಸಬೇಕು ಒಂದ್ಸಲ.

‘ಕೇಜನ್’ ಅನ್ನೋ ಪದ ಫ್ಯಾಷನ್ ಆಗಿದ್ದು ತೀರಾ ಈಚೆಗೆ. ಗೇಣಿ ರೈತನ 13 ಮಕ್ಕಳಲ್ಲಿ ಕೊನೆಯವನಾದ ಪಾಲ್ ಪ್ರುಡೋಮ್ 1979ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹೋಟೆಲ್ ತೆರೆದು, ಮಸಾಲೆ ಬಳಿದ ಮೀನನ್ನ ಕಾದ ಕಬ್ಬಿಣದ ಬಾಣಲೆಯಲ್ಲಿ ಕಪ್ಪಗಾಗಿಸಿ ಕೊಟ್ಟ. ಅಮೆರಿಕ ಹುಚ್ಚೆದ್ದು ತಿಂತು. ಅವನ ಶ್ರಮ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅವನಿಗಿಂತ ಮೂವತ್ತು ವರ್ಷ ಮೊದಲು, 1949ರಲ್ಲಿ, ಅದೇ ಊರಿನ ಟಿವಿಯಲ್ಲಿ ಲೀನಾ ರಿಚರ್ಡ್ ಅನ್ನೋ ಕಪ್ಪು ಮಹಿಳೆ ಸ್ವಂತ ಅಡುಗೆ ಕಾರ್ಯಕ್ರಮ ನಡೆಸ್ತಿದ್ರು. 1939ರಲ್ಲಿ ತಮ್ಮ ಪುಸ್ತಕವನ್ನ ತಾವೇ ಅಚ್ಚು ಹಾಕಿಸಿದ್ರು. ಊರಿನ ಬಿಳಿಯರ ಹೋಟೆಲಲ್ಲಿ ಆಕೆ ಕೂತು ಉಣ್ಣೋ ಹಾಗಿರಲಿಲ್ಲ. ಅದೇ ಊರಲ್ಲಿ ಲಿಯಾ ಚೇಸ್ ತಮ್ಮ ಹೋಟೆಲಿನ ಮಹಡಿ ಮೇಲೆ ಕಪ್ಪು, ಬಿಳಿ ಹೋರಾಟಗಾರರನ್ನ ಒಟ್ಟಿಗೆ ಕೂರಿಸಿ ಗಂಬೊ ಬಡಿಸಿದ್ರು. ಒಟ್ಟಿಗೆ ಕೂರೋದೇ ಆಗ ಕಾನೂನುಬಾಹಿರ. ಸಹಪಂಕ್ತಿ ಅಂದ್ರೆ ಏನು ಅಂತ ನಮಗ್ಯಾರೂ ಬಿಡಿಸಿ ಹೇಳಬೇಕಿಲ್ಲ. 1946ರಲ್ಲಿ ಬಾಬಾಸಾಹೇಬರು ಡುಬಾಯ್ಸ್ ಅವರಿಗೆ ಕಾಗದ ಬರೆದು, ಕಪ್ಪು ಜನರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದ್ದು ಸುಮ್ಮನೆ ಅಲ್ಲ.

ಬಿಯರ್ ಬಗ್ಗೆ. ನ್ಯೂ ಆರ್ಲಿಯನ್ಸ್‌ನ ಹಳೇ ಬಿಯರ್ ‘ಡಿಕ್ಸಿ’, 1907ರದ್ದು. ಡಿಕ್ಸಿ ಅಂದ್ರೆ ಗುಲಾಮಗಿರಿಯ ಕಾಲದ ದಕ್ಷಿಣವನ್ನ ಹಂಬಲಿಸೋ ಹೆಸರು. ಜಾರ್ಜ್ ಫ್ಲಾಯ್ಡ್ ಕೊಲೆಯ ನಂತರ ಬೀದಿ ಹೊತ್ತಿ ಉರಿದಾಗ ಹೆಸರು ಬದಲಿಸ್ತೀವಿ ಅಂದ್ರು, 2021ರಲ್ಲಿ ಬದಲಿಸಿದ್ರು. ಬೋರ್ಡು ಬದಲಾಯ್ತು. ಅದೇ ರಾಜ್ಯದ ಅಂಗೋಲಾ ಜೈಲು, ಆಫ್ರಿಕಾದ ಅಂಗೋಲಾದ ಹೆಸರಿದ್ದ ಹಳೇ ಗುಲಾಮರ ತೋಟ, ಇವತ್ತಿಗೂ ಹೊಲವೇ. ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನ, ಗಂಟೆಗೆ ಪುಡಿಗಾಸಿಗೆ ದುಡೀತಾರೆ.

ನಮ್ಮಲ್ಲಿ ಕೆಲವರಿಗೆ ಬಿಯರ್ ಅಂದ್ರೆ ಮುಜುಗರ, ಅದು ನ್ಯಾಯವೇ. ಹೆಂಡದಂಗಡಿ ಬೇಡ, ವಸತಿ ಶಾಲೆ ಕೊಡಿ ಅಂತ ಬೀದಿಗಿಳಿದ ಚಳವಳಿ ನಮ್ಮದು. ಕುದಿಸಿದ್ರೂ ಆಲ್ಕೋಹಾಲ್ ಪೂರ್ತಿ ಹೋಗಲ್ಲ, ಸ್ವಲ್ಪ ಉಳಿಯುತ್ತೆ. ಬೇಡದವರು ಎಲುಬಿನ ಕಟ್ಟು ಹಾಕಿ. ಹಾಕೋರಿಗೆ ಕಾರಣ ಹೇಳ್ತೀನಿ: ಮೆಣಸಿನಕಾಯಿಯ ಖಾರ ನೀರಲ್ಲಿ ಸರಿಯಾಗಿ ಕರಗಲ್ಲ, ಕೊಬ್ಬಲ್ಲಿ, ಆಲ್ಕೋಹಾಲಲ್ಲಿ ಕರಗುತ್ತೆ. ಅದಕ್ಕೇ ಬೆಣ್ಣೆ ಮತ್ತು ಬಿಯರ್ ಎರಡೂ.

ಎರಡು ಚಮಚ ಬೆಣ್ಣೆಗೆ ಒಂದು ಈರುಳ್ಳಿ, ಅರ್ಧ ದಪ್ಪ ಮೆಣಸಿನಕಾಯಿ, ಒಂದು ದಂಟು ಸೆಲರಿ ಸಣ್ಣಗೆ ಹೆಚ್ಚಿ ಹಾಕಿ. ಕೆಂಪಗಾಗೋವರೆಗೂ ಹುರೀರಿ. ನಾಲ್ಕೆಸಳು ಬೆಳ್ಳುಳ್ಳಿ, ಖಾರಕ್ಕೆ ಒಂದು ಚಮಚ ಗುಂಟೂರು ಪುಡಿ, ಬಣ್ಣಕ್ಕೆ ಒಂದು ಚಮಚ ಬ್ಯಾಡಗಿ, ಅರ್ಧ ಚಮಚ ಕರಿಮೆಣಸು. ಅವರು ಥೈಮ್ ಹಾಕ್ತಾರೆ. ನಮ್ಮ ಓಮದಲ್ಲೂ ಅದೇ ಘಮದ ಅಂಶ ಇದೆ, ಒಂದು ಚಿಟಿಕೆ ಸಾಕು. 330 ಎಂಎಲ್ ಬಾಟಲಿಯ ತಿಳಿ ಬಿಯರ್ ಸುರಿದು ಅರ್ಧಕ್ಕೆ ಇಳಿಸಿ. ಕಡು ಬಿಯರ್ ಬೇಡ, ಇಳಿದಷ್ಟೂ ಕಹಿ ಏರುತ್ತೆ. ಕೊನೆಗೆ ಎರಡು ಟೊಮೆಟೊ ರುಬ್ಬಿ ಹಾಕಿ, ಎರಡು ಚಮಚ ಬೆಲ್ಲ, ಎರಡು ಚಮಚ ವಿನೆಗರ್, ಉಪ್ಪು. ಬೆಲ್ಲ ಕೆಂಡಕ್ಕೆ ಬೇಗ ಸೀಯುತ್ತೆ, ಹಾಗಾಗಿ ಬಾಡು ಬೆಂದಮೇಲೆ ಕಡೇ ಹತ್ತು ನಿಮಿಷದಲ್ಲಿ ಸವರಿ.

ಯಾವ ಬಾಡು ಅಂತ ಕೇಳ್ತೀರಿ. ಕೋಳಿ, ಹಂದಿ ಎರಡಕ್ಕೂ ಆಗುತ್ತೆ. ಚೆನ್ನಾಗಿ ಹಿಡಿಯೋದು ದನದ ಪಕ್ಕೆಗೆ, ಆದ್ರೆ ಕರ್ನಾಟಕದ 2020ರ ಕಾಯ್ದೆ ಹಸು, ಕರು, ಎತ್ತು, ಹೋರಿ ಯಾವ ವಯಸ್ಸಿನದಾದ್ರೂ ಬೇಡ ಅಂದಿದೆ. ಉಳಿದಿರೋದು 13 ವರ್ಷ ದಾಟಿದ ಎಮ್ಮೆ, ಕೋಣ. ಆ ವಯಸ್ಸಿನ ಮಾಂಸ ಬರೀ ನಾರು, ನೇರವಾಗಿ ಕೆಂಡಕ್ಕಿಟ್ರೆ ಚಪ್ಪಲಿ ಅಗಿದ ಹಾಗಿರುತ್ತೆ. ಮೊದಲು ಉಪ್ಪು, ಶುಂಠಿ ಹಾಕಿ ಸಣ್ಣ ಉರಿಯಲ್ಲಿ ಎರಡೂವರೆ ಗಂಟೆ ಬೇಯಿಸಿ. ಕುಕ್ಕರ್ ಆದ್ರೆ ಮುಕ್ಕಾಲು ಗಂಟೆ. ಎಲುಬಿಂದ ಬಿಡೋ ಹಂತಕ್ಕೆ ಬಂದಮೇಲೆ ಕೆಂಡ, ಆಮೇಲೆ ಸಾಸ್.