ಕಡಿದ ಕೈ ಮತ್ತು ವೇಣೂರಿನ ಕಲ್ಲು: ಕಲ್ಕುಡ ಪಾಡ್ದನದ ಒಂದು ಆಶಯದ ಮರುವಿಚಾರ

ಕಾರ್ಕಳದ ಬೈರಸೂಡ ಅರಸು ಅಲ್ಲಿಯ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಬೀರು ಕಲ್ಕುಡನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದ ಪ್ರಸಂಗದ ಬಗ್ಗೆ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬರೆಯಲಾಗುತ್ತಿದೆ. ಬರೆದವರಲ್ಲಿ ಹೆಚ್ಚಿನವರ ಕಣ್ಣು ಕಡಿದ ಕೈಯ ಮೇಲೆಯೇ ನಿಂತುಬಿಟ್ಟಿದೆ. ಆ ಕೈ ಹೋದ ಮೇಲೆ ಅವನು ವೇಣೂರಿಗೆ ಹೋಗಿ ಮಾಡಿದ ಇನ್ನೊಂದು ಗೊಮ್ಮಟನ ಕೆಲಸ ಅಡಿಟಿಪ್ಪಣಿಯ ಮಟ್ಟಕ್ಕಿಂತ ಮೇಲೆ ಬಂದದ್ದು ಅಪರೂಪ. ಈ ಕತೆ ಹೇಳುವ ತುಳು ಹಾಡುಗತೆಯಾದ ಪಾಡ್ದನದ ತಿರುಳು ಇರುವುದು ಅಲ್ಲಿ, ವೇಣೂರಿನ ಕಲ್ಲಿನಲ್ಲಿ, ಎಂಬುದು ಈ ಲೇಖನದ ವಾದ.

ವಾದಕ್ಕೆ ತಕ್ಷಣದ ಪ್ರಚೋದನೆ ಬೇರೆ ಕಡೆಯಿಂದ ಬಂದಿದೆ. 2022ರ ‘ಕಾಂತಾರ’ ಸಿನಿಮಾದ ನಂತರ ಮಂಗಳೂರಿನಲ್ಲಿ ತುಳುನಾಡಿನ ಕತೆಗಳನ್ನು ‘ವೀರನ ಪಯಣ’ದ ಅಚ್ಚಿಗೆ ಹೊಯ್ಯುವ ಉತ್ಸಾಹ ಹೆಚ್ಚಾಗಿದೆ. ಜೋಸೆಫ್ ಕ್ಯಾಂಬೆಲ್ 1949ರಲ್ಲಿ ‘ಸಾವಿರ ಮುಖಗಳ ವೀರ’ನ ಬಗ್ಗೆ ಬರೆದ ಪುಸ್ತಕ, ಅದಕ್ಕೆ ಋಣಿಯೆಂದು ಜಾರ್ಜ್ ಲೂಕಾಸ್ ಒಪ್ಪಿಕೊಂಡ ‘ಸ್ಟಾರ್ ವಾರ್ಸ್’ ಸರಣಿ, ಅಲ್ಲಿಂದ ಹಿಂದಕ್ಕೆ ಬಂದು ಕೋಟಿ-ಚೆನ್ನಯ ಮತ್ತು ಕಲ್ಕುಡ: ದಾರಿ ಈಗ ಸವೆದು ಹೋಗಿದೆ. ಹೊರಡುವುದು, ಪಳಗುವುದು, ಮರಳುವುದು ಎಂಬ ಮೂರು ಖಾನೆಗಳಿಗೆ ತುಂಬಿದರೆ ಯಾವ ಕತೆಯಾದರೂ ತುಂಬುತ್ತದೆ. ಹಾಗೆ ತುಂಬುವುದು ಸಂಶೋಧನೆ ಎನಿಸಿಕೊಳ್ಳುವುದಾದರೆ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರಂಥವರು ಪಾಠ ಮತ್ತು ಆರಾಧನೆಯ ಸಂದರ್ಭ ಎರಡನ್ನೂ ಒಟ್ಟಿಗೆ ಹಿಡಿದು ಪಟ್ಟ ಶ್ರಮ ವ್ಯರ್ಥ ಎಂದೇ ಹೇಳಬೇಕಾದೀತು.

ಹಾಗೆಂದು ಹೋಲಿಕೆಯನ್ನೇ ತಳ್ಳಿಹಾಕುವುದು ಪ್ರಾಮಾಣಿಕವಲ್ಲ. ಹೋಲಿಕೆ ಮಾಡುವವರು ಗಮನಿಸಿದ್ದಕ್ಕಿಂತ ಹೆಚ್ಚೇ ಹೋಲಿಕೆ ಇದೆ. ‘ಸ್ಟಾರ್ ವಾರ್ಸ್’ ಸರಣಿಯ 1980ರ ಸಿನಿಮಾದಲ್ಲಿ ತಂದೆ ಡಾರ್ತ್ ವೇಡರ್ ಮಗ ಲ್ಯೂಕನ ಬಲಗೈಯನ್ನು ಕಡಿಯುತ್ತಾನೆ. ಕೈ ಕಳೆದುಕೊಂಡು ನೇತಾಡುತ್ತಿರುವ ಮಗ ಮನಸ್ಸಿನಲ್ಲೇ ಲೀಯಾಳನ್ನು ಕರೆಯುತ್ತಾನೆ. ದೂರ ಹೋಗುತ್ತಿದ್ದವಳು ನೌಕೆಯನ್ನು ತಿರುಗಿಸಿ ಬಂದು ಎತ್ತಿಕೊಳ್ಳುತ್ತಾಳೆ. ಅವರಿಬ್ಬರೂ ಅವಳಿಗಳು ಎಂಬುದು ತಿಳಿಯುವುದು ಮುಂದೆ, 1983ರ ಸಿನಿಮಾದಲ್ಲಿ. ಅದೇ ಸಿನಿಮಾದಲ್ಲಿ ಮಗನೂ ತಂದೆಯ ಕೈಯನ್ನು ಕಡಿಯುತ್ತಾನೆ. ಇತ್ತ ಪಾಡ್ದನದಲ್ಲಿ ಹುಟ್ಟುವ ಮೊದಲೇ ದೂರವಾದ ತಂದೆಯನ್ನು ಹುಡುಕಿಕೊಂಡು ಹೊರಡುವ ಮಗನಿದ್ದಾನೆ. ತಂದೆಯ ವಿದ್ಯೆಯಲ್ಲಿ ತಂದೆಯನ್ನೇ ಮೀರಿಸುವ ಮಗ ಅವನು. ಅವನ ಕೈ ಹೋಗುತ್ತದೆ. ಹುಡುಕಿಕೊಂಡು ಬರುವವಳು ತಂಗಿ ಕಲ್ಲುರ್ಟಿ. ಕೆಲವು ಪಾಠಗಳಲ್ಲಿ ಅವಳೂ ಅವಳಿಯೇ. ತಂದೆ, ಮಗ, ಕಡಿದ ಕೈ, ಸೋದರಿ ಎಂಬ ನಾಲ್ಕು ಗಂಟುಗಳೂ ಎರಡೂ ಕಡೆ ಇವೆ. ಕಾರ್ಕಳದ ಸುದ್ದಿ ಲೂಕಾಸನಿಗೆ ಮುಟ್ಟಿತ್ತು ಎಂದು ಯಾರೂ ಹೇಳಲಾರರು, ಹೇಳಬೇಕಾಗಿಯೂ ಇಲ್ಲ. ಇಂಥ ಆಶಯಗಳು ಎಲ್ಲಿ ಬೇಕಾದರೂ ಹುಟ್ಟುತ್ತವೆ.

ತೊಡಕು ಶುರುವಾಗುವುದು ಆಶಯ ಒಂದೇ ಆದ್ದರಿಂದ ಅದರ ಕೆಲಸವೂ ಒಂದೇ ಎಂದು ಹೊರಟಾಗ. ವ್ಲಾದಿಮಿರ್ ಪ್ರೊಪ್ 1928ರಲ್ಲಿ ರಷ್ಯದ ಕಿನ್ನರ ಕತೆಗಳಿಂದ 31 ಕ್ರಿಯೆಗಳನ್ನು ಬಿಡಿಸಿ ತೋರಿಸಿದ. ನಮ್ಮ ಹೋಲಿಕೆಯವರು ಅವನ ಹೆಸರನ್ನು ಕ್ಯಾಂಬೆಲ್‌ನ ಹೆಸರಿನ ಪಕ್ಕದಲ್ಲಿಟ್ಟು ಮುಂದೆ ಹೋಗುತ್ತಾರೆ, ಓದಿದ್ದರೆ ನಿಲ್ಲುತ್ತಿದ್ದರು. ಅವನ ಪಟ್ಟಿಯಲ್ಲಿ ಗಾಯ ಎರಡು ಜಾಗದಲ್ಲಿ ಬರುತ್ತದೆ. 8ನೆಯ ಕ್ರಿಯೆ ಖಳನ ಅಪಕಾರ. ಅಂಗಕ್ಕೆ ಹಾನಿ ಮಾಡುವುದೂ ಅದರಲ್ಲಿ ಸೇರಿದೆ. 17ನೆಯದು ಹೋರಾಟದಲ್ಲಿ ನಾಯಕನ ಮೈಮೇಲೆ ಬೀಳುವ ಗುರುತು. ಮುಂದೆ ಅವನನ್ನು ಗುರುತಿಸುವುದು ಅದರಿಂದ. ಲ್ಯೂಕನ ಕೈ 17ನೆಯದಕ್ಕೆ ಹತ್ತಿರ: ಹೋರಾಟದ ನಡುವೆ ಹೋಗುತ್ತದೆ, ತಂದೆ ಯಾರೆಂಬುದು ಹೊರಬೀಳುವ ಗಳಿಗೆಗೆ ಅಂಟಿಕೊಂಡಿದೆ, ಸಿನಿಮಾ ಮುಗಿಯುವುದರೊಳಗೆ ಯಂತ್ರದ ಕೈ ಜೋಡಣೆಯೂ ಆಗುತ್ತದೆ. ಕಲ್ಕುಡನದು ಸ್ಪಷ್ಟವಾಗಿ 8ನೆಯದು. ಅಲ್ಲಿ ಹೋರಾಟವಿಲ್ಲ. ಕೆಲಸ ಮುಗಿದಿದೆ, ಕೂಲಿ ಕೊಡಬೇಕಾದ ಹೊತ್ತು ಬಂದಿದೆ, ಕೊಡುವ ಕೈಯಿಂದಲೇ ಕಡಿತ ಬರುತ್ತದೆ. ಹೋದದ್ದನ್ನು ತುಂಬಿಕೊಡುವ 19ನೆಯ ಕ್ರಿಯೆ ಪಾಡ್ದನದಲ್ಲಿ ಬರುವುದೇ ಇಲ್ಲ. ಯಾರೂ ಕಲ್ಕುಡನಿಗೆ ಕೈ ಕೊಡುವುದಿಲ್ಲ, ಅವನೂ ಕೇಳುವುದಿಲ್ಲ.

ಕೈ ಮರಳಿ ಬರುವ ಕತೆ ಘಟ್ಟದ ಮೇಲಿದೆ. ಜಕಣಾಚಾರಿ ಕೆತ್ತಿದ ಮೂರ್ತಿಯಲ್ಲಿ ದೋಷವಿದೆ ಎಂದು ಒಬ್ಬ ಹುಡುಗ ತೋರಿಸುತ್ತಾನೆ. ಕಲ್ಲಿನೊಳಗೆ ಕಪ್ಪೆ ಸಿಗುತ್ತದೆ. ಜಕಣ ತನ್ನ ಬಲಗೈಯನ್ನು ತಾನೇ ಕಡಿದುಕೊಳ್ಳುತ್ತಾನೆ. ಹುಡುಗ ಅವನ ಮಗ ಡಂಕಣ. ತುಮಕೂರಿನ ಬಳಿಯ ಕೈದಾಳದಲ್ಲಿ ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಕೈ ತಿರುಗಿ ಬರುತ್ತದೆ. (ಆ ಗುಡಿ 1150ರ ಸುಮಾರಿಗೆ ಹೊಯ್ಸಳ ನರಸಿಂಹನ ಸಾಮಂತ ಗೂಳಿಬಾಚಿ ಕಟ್ಟಿಸಿದ್ದು. ಬೇಲೂರಿನಲ್ಲಿ ಹೆಸರು ಕೆತ್ತಿದ ನಿಜವಾದ ತಂದೆ-ಮಗ ರೂವಾರಿಗಳು ಬಳ್ಳಿಗಾವಿಯ ದಾಸೋಜ ಮತ್ತು ಚಾವಣ. ಅವರ ಮೇಲೆ ಯಾವ ಕತೆಯೂ ಬೆಳೆಯಲಿಲ್ಲ.) ಜಕಣ ಮತ್ತು ಕಲ್ಕುಡರನ್ನು ಒಂದೇ ಕತೆಯ ಎರಡು ರೂಪಗಳು ಎಂದು ಹೇಳುವುದು ರೂಢಿ. ಆದರೆ ಪಾಡ್ದನ ಇಲ್ಲಿ ಒಂದು ಸಂಗತಿಯನ್ನು ಎರಡಾಗಿ ಸೀಳಿದೆ. ಬೆಳಗೊಳದಲ್ಲಿ ಕೆಲಸ ಮಾಡಿದ ಶಂಭು ಕಲ್ಕುಡನ ಕೆತ್ತನೆಯಲ್ಲಿ ಮಗ ಬೀರು ದೋಷ ತೋರಿಸುತ್ತಾನೆ. ತಂದೆ ಕೈ ಕಡಿದುಕೊಳ್ಳುವುದಿಲ್ಲ, ಪ್ರಾಣವನ್ನೇ ತೆಗೆದುಕೊಳ್ಳುತ್ತಾನೆ. ಕೈಯ ಮಾತು ಅಲ್ಲಿ ಬರುವುದೇ ಇಲ್ಲ. ಅದು ಮುಂದಕ್ಕೆ ಸರಿದು ಮಗನ ಪಾಲಿಗೆ, ಅರಸನ ಆಜ್ಞೆಯಾಗಿ ಬರುತ್ತದೆ. ಘಟ್ಟದ ಮೇಲೆ ಅಭಿಮಾನದ ಬೆಲೆಯಾಗಿದ್ದದ್ದು ಘಟ್ಟದ ಕೆಳಗೆ ಆಳುವವನ ಅನ್ಯಾಯವಾಗಿದೆ. ಈ ಸರಿತ ಏಕೆ ಆಯಿತು ಎಂದು ಕೇಳದೆ ಎರಡನ್ನೂ ಒಂದೇ ‘ಕತಾವರ್ಗ’ದ ಹಗ್ಗದಲ್ಲಿ ಕಟ್ಟಿದರೆ ಪ್ರಯೋಜನವಿಲ್ಲ.

ಈಗ ವೇಣೂರಿಗೆ ಬರೋಣ. ಮೂರು ಗೊಮ್ಮಟರ ಕಾಲ ಶಾಸನಗಳಿಂದ ನಿರ್ಧಾರವಾಗಿದೆ. ಮೂರರ ಬರಹಗಳನ್ನೂ ಹುಲ್ಟ್ಜ್ ‘ಎಪಿಗ್ರಾಫಿಯಾ ಇಂಡಿಕಾ’ದ 7ನೆಯ ಸಂಪುಟದಲ್ಲಿ ಒಟ್ಟಿಗೆ ಕೊಟ್ಟಿದ್ದಾನೆ. ಬೆಳಗೊಳದ್ದು ಚಾವುಂಡರಾಯನ ಕಾಲದ್ದು, ಸುಮಾರು 981. ಕಾರ್ಕಳದ್ದನ್ನು ವೀರಪಾಂಡ್ಯ 1432ರ ಫೆಬ್ರವರಿ 13ರಂದು ನಿಲ್ಲಿಸಿದ. ವೇಣೂರಿನದು ಅಜಿಲ ಅರಸು ತಿಮ್ಮರಾಜನದು, 1604. ತಂದೆ ಮೊದಲನೆಯ ಊರಿನಲ್ಲಿ, ಮಗ ಎರಡನೆಯ ಮತ್ತು ಮೂರನೆಯ ಊರಿನಲ್ಲಿ ದುಡಿದರೆ ಎರಡು ತಲೆಮಾರು 600ಕ್ಕೂ ಮಿಕ್ಕಿದ ವರ್ಷಗಳನ್ನು ಹೊತ್ತ ಹಾಗಾಯಿತು. ಈ ಅಸಂಗತಿಯನ್ನು ಕಂಡವರು ಎರಡು ದಾರಿ ಹಿಡಿದಿದ್ದಾರೆ. ಕೆಲವರು ಜನಪದಕ್ಕೆ ಕಾಲದ ಪ್ರಜ್ಞೆ ಇಲ್ಲ ಎಂದು ಕೈತೊಳೆದುಕೊಂಡರು. ಇನ್ನು ಕೆಲವರು ಕಾರ್ಕಳದ ಭಾಗವನ್ನು ಮಾತ್ರ ಇಟ್ಟುಕೊಂಡು, ವೇಣೂರಿನದು ಆಮೇಲೆ ಯಾರೋ ಹೊಲಿದ ತೇಪೆ ಎಂದು ಕಿತ್ತು, 1432ರಲ್ಲಿ ವೀರಪಾಂಡ್ಯ ಒಬ್ಬ ಶಿಲ್ಪಿಯ ಕೈಯನ್ನು ನಿಜಕ್ಕೂ ಕಡಿಸಿದ್ದಕ್ಕೆ ಪಾಡ್ದನವನ್ನೇ ಸಾಕ್ಷಿಯಾಗಿ ಹಿಡಿದರು. ಎರಡನೆಯವರದು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಇತಿಹಾಸದ ವೇಷದಲ್ಲಿ ಬರುತ್ತದೆ.

ವೇಣೂರಿನ ಭಾಗ ತೇಪೆಯೇ ಎಂದು ಒಪ್ಪಿಕೊಂಡು ನೋಡೋಣ. ಆಗ ಉಳಿಯುವುದು ಏನು? ತನ್ನಲ್ಲಿರುವಂಥ ಕೆಲಸ ಇನ್ನೆಲ್ಲೂ ಆಗಬಾರದು ಎಂದು ಅರಸು ಕೈ-ಕಾಲು ಕಡಿಸುತ್ತಾನೆ. 1432ರ ಮಟ್ಟಿಗೆ ಈ ಭಯಕ್ಕೆ ಅರ್ಥವೇ ಇಲ್ಲ. ಕಾರ್ಕಳದ 42 ಅಡಿಯ ಮೂರ್ತಿಯೇ ಬೆಳಗೊಳದ 58 ಅಡಿಯ ಮೂರ್ತಿಯನ್ನು ನೋಡಿ ಎತ್ತಿದ್ದು. ಅದು ಎರಡನೆಯದು ಎಂಬುದು ಮಾಡಿಸಿದವನಿಗೂ ಗೊತ್ತು, ನೋಡಿದವರಿಗೂ ಗೊತ್ತು. ಪಾಡ್ದನಕ್ಕೂ ಗೊತ್ತು: ಶಂಭು ಕಲ್ಕುಡ ಮೊದಲೇ ಬೆಳಗೊಳದಲ್ಲಿ ಕೆಲಸ ಮಾಡಿದ್ದಾನೆ, ಅಲ್ಲಿ ಯಾರೂ ಅವನ ಕೈ ಕಡಿಸಲಿಲ್ಲ. ಮೊದಲಿಗನಾಗಲು ಸಾಧ್ಯವಿಲ್ಲದ ಅರಸು ಕೊನೆಯವನಾಗಲು ಹೊರಟಿದ್ದಾನೆ. ಕೊನೆಯವನಾಗುವ ಆಸೆಗೆ ಅರ್ಥ ಬರುವುದು ಮುಂದೆ ಇನ್ನೊಬ್ಬ ಎದ್ದಾಗ ಮಾತ್ರ. ಆ ಇನ್ನೊಬ್ಬ ಎದ್ದದ್ದು 1604ರಲ್ಲಿ, ಫಲ್ಗುಣಿಯ ದಂಡೆಯ ವೇಣೂರಿನಲ್ಲಿ. ಅಜಿಲರು ಮೂರ್ತಿ ಮಾಡಿಸುತ್ತಿದ್ದಾರೆ ಎಂದು ಕಾರ್ಕಳದ ಭೈರರಸ ಕೆರಳಿದ, ಅದನ್ನು ತನ್ನೂರಿಗೆ ಕಳಿಸು ಎಂದು ಕೇಳಿದ, ದಂಡೆತ್ತಿ ಬಂದ, ಅಜಿಲ ಮೂರ್ತಿಯನ್ನು ಹೊಳೆಯ ಮರಳಿನಲ್ಲಿ ಹೂತು ಕಾಪಾಡಿದ ಎಂಬ ಐತಿಹ್ಯ ಇಂದಿಗೂ ಅಲ್ಲಿ ಜೀವಂತವಾಗಿದೆ. ಐತಿಹ್ಯದ ಒಂದೊಂದು ವಿವರವೂ ನಡೆದದ್ದೇ ಎಂದು ಈ ವಾದಕ್ಕೆ ಬೇಕಿಲ್ಲ. ಎರಡು ಊರುಗಳ ನಡುವೆ ಗೊಮ್ಮಟನ ಕಾರಣಕ್ಕೆ ಮತ್ಸರವಿತ್ತು ಎಂಬ ನೆನಪು ಇದ್ದರೆ ಸಾಕು.

ಹಾಗಾದರೆ ಬೈರಸೂಡನ ಆಜ್ಞೆ 17ನೆಯ ಶತಮಾನದ ಜಗಳವನ್ನು 15ನೆಯ ಶತಮಾನದ ಅರಸನ ಬಾಯಲ್ಲಿ ಇಟ್ಟದ್ದು. ಎರಡು ಅರಮನೆಗಳ ನಡುವಿನ ಹೊಟ್ಟೆಕಿಚ್ಚು ಕೆಲಸಗಾರನ ಮೈಮೇಲೆ ಇಳಿದಿದೆ. ವೇಣೂರಿನ ಭಾಗ ತೇಪೆಯಲ್ಲ. ಅದಿಲ್ಲದಿದ್ದರೆ ಕಡಿತಕ್ಕೆ ಕಾರಣವೇ ಸಿಗುವುದಿಲ್ಲ. ಕಡಿದದ್ದು ಯಾವ ಕೈ ಎಂಬುದನ್ನೂ ಗಮನಿಸಬೇಕು. ಜಕಣನದು ಬಲಗೈ, ಲ್ಯೂಕನದೂ ಬಲಗೈ. ಕಲ್ಕುಡನಿಗೆ ಬಲಗೈ ಉಳಿದಿದೆ. ಉಳಿ ಹಿಡಿಯುವ ಕೈ ಹೋದರೂ ಸುತ್ತಿಗೆ ಎತ್ತುವ ಕೈ ಇದೆ ಎಂದು ಕಲ್ಲುಕೆಲಸ ಕಂಡ ಯಾರಾದರೂ ಹೇಳಿಯಾರು. ಒಂದೇ ಕೈ, ಒಂದೇ ಕಾಲಿನಲ್ಲಿ ಅವನು ವೇಣೂರಿನ ಮೂರ್ತಿಯನ್ನು ಮುಗಿಸುತ್ತಾನೆ ಎಂಬಲ್ಲಿ ಅರಸನ ಲೆಕ್ಕ ತಪ್ಪಿತು ಎಂಬುದೇ ಕತೆಯ ಒತ್ತು. (ಒಡೆಯನು ಶಿಲ್ಪಿಯ ಕೈ ಕಡಿಸುವ ಕತೆ ತಾಜ್‌ಮಹಲಿಗೂ ಇದೆ, ಆದ್ದರಿಂದ 1604ರ ಹಂಗೇಕೆ ಎಂಬ ಆಕ್ಷೇಪ ಬರಬಹುದು. ಆಶಯ ಸಿದ್ಧವಾಗಿತ್ತು, ನಿಜ. ಅದು ಈ ಎರಡು ಊರುಗಳ ನಡುವೆಯೇ ಬಂದು ಕೂತದ್ದಕ್ಕೆ ಕಾರಣ ಬೇಕಲ್ಲ. ತಾಜ್‌ಮಹಲಿನ ಕತೆಯಲ್ಲಿ ಕೈ ಹೋದ ಕುಶಲಿ ಇನ್ನೊಂದು ತಾಜ್‌ಮಹಲನ್ನು ಕಟ್ಟುವುದಿಲ್ಲ.) ಈಗ ನಮಗೆ ಸಿಗುವ ರೂಪದ ಪಾಡ್ದನ 1604ಕ್ಕಿಂತ ಹಿಂದಿನದಾಗಲಾರದು. ಪಾಡ್ದನಗಳನ್ನು ಸಂಗ್ರಹಿಸಿ 1882ರಲ್ಲಿ ತೀರಿಹೋದ ಬರ್ನೆಲ್‌ನ ಕಾಗದಗಳಲ್ಲಿ ಅದು ಸಿಕ್ಕಿದೆ. ನಡುವಿನ 280 ವರ್ಷಗಳ ಒಳಗೆ ಅದು ಬಲಿತಿದೆ. ವೀರಪಾಂಡ್ಯ ಯಾರ ಕೈಯನ್ನೂ ಕಡಿಸಿದ್ದಕ್ಕೆ ಅದು ಸಾಕ್ಷಿಯಲ್ಲ. ಅವನ ಶಾಸನ ಹೇಳುವುದು ಮಾಡಿಸಿದವನ ಹೆಸರನ್ನು. ಮಾಡಿದವನ ಹೆಸರು ಹೇಳುವ ಕೆಲಸವನ್ನು ಪಾಡ್ದನ ವಹಿಸಿಕೊಂಡಿದೆ.

ಬರ್ನೆಲ್‌ನ ಸಂಗ್ರಹವನ್ನು ಟೆಂಪಲ್ 1894ರಿಂದ 1897ರವರೆಗೆ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ‘ತುಳುವರ ಪಿಶಾಚಾರಾಧನೆ’ ಎಂಬ ಅರ್ಥದ ತಲೆಬರಹದಲ್ಲಿ ಅಚ್ಚು ಹಾಕಿದ. ತಲೆಬರಹಕ್ಕೆ ಕೊಡಬೇಕಾದ ಬೈಗುಳವನ್ನು ಕೊಟ್ಟ ಮೇಲೂ ಪಾಠಕ್ಕೆ ಕೃತಜ್ಞರಾಗಿರಬೇಕು. ಬಾಸೆಲ್ ಮಿಶನ್ನಿನ ಮೆನ್ನರ್ 1886ರಲ್ಲಿ ಮಂಗಳೂರಿನಲ್ಲೇ ಅಚ್ಚು ಹಾಕಿಸಿದ ‘ಪಾಡ್ದನೊಳು’ ಪುಸ್ತಕಕ್ಕೂ ಅದೇ ಮಾತು. ಮತ ಬದಲಿಸಲು ಬಂದವರು ಇಷ್ಟು ಶ್ರದ್ಧೆಯಿಂದ ದೈವಗಳ ಮಾತು ಬರೆದಿಟ್ಟದ್ದು ನಮ್ಮ ಪಾಲಿನ ಅದೃಷ್ಟ.

ಸ್ಟುವರ್ಟ್ ಬ್ಲಾಕ್‌ಬರ್ನ್ ಅವರ ಬಗ್ಗೆ ಹೆಚ್ಚು ಗೌರವದಿಂದ ಮಾತಾಡಬೇಕು. ಅವರ ಎದುರು ನಿಲ್ಲಲು ತೂಕದ ಸಾಕ್ಷ್ಯ ಬೇಕು. ಭಾರತದ ಮೌಖಿಕ ಮಹಾಕಾವ್ಯಗಳ ಬಗ್ಗೆ 1989ರಲ್ಲಿ ಬಂದ ಸಂಪುಟದಲ್ಲಿ ಅವರು ಒಂದು ಬೆಳವಣಿಗೆಯ ಕ್ರಮವನ್ನು ಮುಂದಿಟ್ಟರು: ಊರಿನ ಮಟ್ಟದಲ್ಲಿ ಅಕಾಲದ, ಹಿಂಸೆಯ ಸಾವು, ಸತ್ತವನು ದೈವವಾಗುವುದು, ಕತೆ ಹರಡಿದಂತೆ ಅಲೌಕಿಕ ಹುಟ್ಟು ಸೇರುವುದು, ಇನ್ನೂ ಹರಡಿದರೆ ಪುರಾಣದ ದೇವರೊಂದಿಗೆ ಗುರುತಿಸಿಕೊಳ್ಳುವುದು. ಕೋಟಿ-ಚೆನ್ನಯರಿಗೆ ಇದು ಬಹುಮಟ್ಟಿಗೆ ಹೊಂದುತ್ತದೆ. ಕೋಟಿ ಬಾಣಕ್ಕೆ ಬಿದ್ದ ಮೇಲೆ ಚೆನ್ನಯ ಕಲ್ಲಿಗೆ ತಲೆ ಹೊಡೆದುಕೊಂಡು ಸಾಯುವಲ್ಲಿ ಹಿಂಸೆಯೂ ಇದೆ, ಅಕಾಲವೂ ಇದೆ. ಕಲ್ಕುಡನಿಗೆ ಹೊಂದುವುದಿಲ್ಲ. ಅವನನ್ನು ಯಾರೂ ಕೊಲ್ಲಲಿಲ್ಲ. ಹಿಂಸೆ ಆದದ್ದು ಕಾರ್ಕಳದಲ್ಲಿ. ಅವನು ದೈವವಾದದ್ದು ಆಗಲ್ಲ. ನಡುವೆ ಒಂದು ಇಡೀ ಮೂರ್ತಿಯ ಕೆಲಸವಿದೆ, ತಂಗಿಯ ಬರುವಿಕೆಯಿದೆ, ಇಬ್ಬರೂ ಕೂಡಿ ಮಾಯವಾಗಲು ಮಾಡಿದ ತೀರ್ಮಾನವಿದೆ. ಪಾಡ್ದನದಲ್ಲಿ ಹಿಂಸೆಯಿಂದ ಸತ್ತವನು ಶಂಭು ಕಲ್ಕುಡ, ತನ್ನ ಕೈಯಿಂದಲೇ ಸತ್ತವನು; ಅವನು ದೈವವಾಗಲಿಲ್ಲ! ಬ್ಲಾಕ್‌ಬರ್ನ್ ಅವರ ಕ್ರಮ ಸರಿಯಿದ್ದರೆ ಕೋಲ ಕಟ್ಟಬೇಕಾದದ್ದು ತಂದೆಗೆ. ದೈವವಾಗಿಸಿದ್ದು ಸಾವಿನ ಹಿಂಸೆ ಅಲ್ಲ, ತೀರದ ಬಾಕಿ ಎಂದು ಓದಿದರೆ ತಂದೆ ಮಗ ಇಬ್ಬರಿಗೂ ಲೆಕ್ಕ ಸರಿಹೋಗುತ್ತದೆ: ತಂದೆಯ ಸಾವಿಗೆ ಹೊಣೆ ಹೊರಬೇಕಾದ ಅರಸನಿಲ್ಲ, ಮಗನ ಕೈಗೆ ಇದ್ದಾನೆ.

ಬಾಕಿಯನ್ನು ವಸೂಲಿ ಮಾಡುವವಳು ಕಲ್ಲುರ್ಟಿ. ಲೀಯಾ ಅಣ್ಣನನ್ನು ಎತ್ತಿಕೊಂಡು ಹೋಗುತ್ತಾಳೆ. ಆಮೇಲೆ ಕತೆ ಮತ್ತೆ ತಂದೆ-ಮಗನ ನಡುವಿನದಾಗುತ್ತದೆ. ಕಲ್ಲುರ್ಟಿ ಬಂದ ಮೇಲೆ ಕತೆ ಅವಳದಾಗುತ್ತದೆ. ಇಬ್ಬರೂ ಮಾಯವಾಗಿ ಕಾರ್ಕಳಕ್ಕೆ ಉಪದ್ರ ಕೊಟ್ಟು, ಅರಸನಿಂದ ಆರಾಧನೆಯ ಮಾತು ಪಡೆಯುವವರೆಗೆ ಬಿಡುವುದಿಲ್ಲ. ಈ ಕ್ರಮದಲ್ಲಿ ‘ಮರಳುವುದು’ ಎಂಬ ಖಾನೆಗೆ ಹಾಕಲು ಏನೂ ಸಿಗುವುದಿಲ್ಲ. ಮನುಷ್ಯರಾಗಿ ಅವರು ಎಲ್ಲಿಗೂ ಮರಳುವುದಿಲ್ಲ. (‘ಕಾಂತಾರ’ದ ಕೊನೆಯಲ್ಲಿ ನಾಯಕ ಕಾಡಿನಲ್ಲಿ ಕಾಣದಾಗುವುದನ್ನು ಪಯಣದ ಅಂತ್ಯ ಎಂದು ಬರೆದವರು ಪಾಡ್ದನಗಳನ್ನು ಕೇಳಿದ್ದರೆ ಅದನ್ನು ಕೆಲಸದ ಆರಂಭ ಎಂದು ಬರೆಯುತ್ತಿದ್ದರು.) ಇಂದು ಆರಾಧನೆಯ ವ್ಯಾಪ್ತಿ ನೋಡಿದರೂ ತಂಗಿ ಅಣ್ಣನನ್ನು ಮೀರಿದ್ದಾಳೆ. ಬಂಟ್ವಾಳ ತಾಲೂಕಿನ ಪಣೋಲಿಬೈಲಿನಲ್ಲಿ ಹರಕೆಯ ಅಗೆಲು ಸೇವೆಗೆ ನಿಲ್ಲುವ ಜನ ಬರುವುದು ಕಲ್ಲುರ್ಟಿಯ ಹೆಸರಿಗೆ. ಕಳೆದ ವಸ್ತು, ಕೊಡದ ಸಾಲ, ತಪ್ಪಿದ ಮಾತು ಅವಳ ಮುಂದೆ ಇಡುವ ದೂರುಗಳು. ವೀರನ ಪಯಣದ ನಕಾಶೆಯಲ್ಲಿ ಸೋದರಿಗೆ ಸಹಾಯಕಿಯ ಜಾಗ ಮಾತ್ರ ಇದೆ. ಆ ನಕಾಶೆ ಹಿಡಿದು ಕಾರ್ಕಳದಿಂದ ಹೊರಟವರು ವೇಣೂರನ್ನು ಮಾತ್ರವಲ್ಲ, ಪಣೋಲಿಬೈಲನ್ನೂ ದಾಟಿ ಹೋಗಿದ್ದಾರೆ.