ಕರೆ ಕೇಳುವುದಕ್ಕೂ ಬಾಡಿಗೆ

ಗೌರಿಬಿದನೂರು ತಾಲೂಕಿನ ಕುಡುಮಲಕುಂಟೆಯನ್ನು ಈಗ ಹೆಚ್ಚಿನವರು ಕೈಗಾರಿಕಾ ಪ್ರದೇಶವೆಂದೇ ಗುರುತಿಸುತ್ತಾರೆ. ನಮಗೆ ಮಾತ್ರ ಅದು ಖಾಲಾರ ಊರು. ಆಂಧ್ರದ ಹಿಂದೂಪುರ ಅಲ್ಲಿಂದ ದೂರವೇನಲ್ಲ. ಮನೆಯೊಳಗೆ ಉರ್ದು, ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ. ಖಾಲಾರ ಮಗ ಸೌದಿಗೆ ಹೊರಟಾಗ ತಾಯಿಗೆ ಒಂದು ಸಣ್ಣ ಹ್ಯಾಂಡ್‌ಸೆಟ್ಟನ್ನೂ ಒಂದು ‘ಲೈಫ್‌ಟೈಮ್’ ಸಿಮ್ಮನ್ನೂ ಕೊಡಿಸಿ ಹೋಗಿದ್ದ. ಒಮ್ಮೆ 999 ರೂಪಾಯಿ ಕಟ್ಟಿದರೆ ಸಾಕು, ಬದುಕಿರುವವರೆಗೆ ಬರುವ ಕರೆ ಉಚಿತ ಎಂದು ಅಂಗಡಿಯವನು ಹೇಳಿದ್ದ. ಖಾಲಾ ಇನ್ನೂ ಬದುಕಿದ್ದಾರೆ. ಸಿಮ್ 2019ರಲ್ಲೇ ತೀರಿಕೊಂಡಿತು.

ಅದು ಹೇಗೆ ತೀರಿಕೊಂಡಿತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯ ನಂತರ ದೇಶವನ್ನು ಸರ್ಕಲ್‌ಗಳಾಗಿ ವಿಂಗಡಿಸಿ, ಒಂದೊಂದು ಸರ್ಕಲ್‌ಗೆ ಎರಡು ಖಾಸಗಿ ಕಂಪೆನಿಗಳಿಗೆ ಮೊಬೈಲ್ ಲೈಸೆನ್ಸ್ ಕೊಡಲಾಯಿತು. ಕರ್ನಾಟಕದ ಪಾಲಿಗೆ ಬಂದವು ಜೆ.ಟಿ. ಮೊಬೈಲ್ಸ್ ಮತ್ತು ಸ್ಪೈಸ್. ಆ ಕಾಲದಲ್ಲಿ ದೇಶದಲ್ಲಿ ಕರೆಯ ದರ ನಿಮಿಷಕ್ಕೆ 16 ರೂಪಾಯಿಯವರೆಗೂ ಇತ್ತು. ಬಂದ ಕರೆಗೂ ಹಣ ತೆರಬೇಕಿತ್ತು. 1999ರಲ್ಲಿ ಏರ್‌ಟೆಲ್‌ನ ಭಾರ್ತಿ ಸಂಸ್ಥೆ ಜೆ.ಟಿ. ಮೊಬೈಲ್ಸನ್ನು ಕೊಂಡಿತು. ನಮ್ಮ ರಾಜ್ಯ ಕಂಡ ಮೊದಲ ದೊಡ್ಡ ಕೈಬದಲು ಅದೇ. ಅದರಿಂದ ದರ ಇಳಿಯಿತೇ? ಇಳಿಯಿತು, ಆದರೆ ಅದರಿಂದಲ್ಲ. ಅದೇ ವರ್ಷ ಸರಕಾರ ಭಾರೀ ಲೈಸೆನ್ಸ್ ಶುಲ್ಕವನ್ನು ಕೈಬಿಟ್ಟು, ಬಂದ ಆದಾಯದಲ್ಲಿ ಪಾಲು ಪಡೆಯುವ ಪದ್ಧತಿಯನ್ನು ತಂದಿತ್ತು. ಹೊಸಬರಿಗೂ ಬಾಗಿಲು ತೆರೆದಿತ್ತು.

2002ರಲ್ಲಿ ಬಿ.ಎಸ್.ಎನ್.ಎಲ್. ಮೊಬೈಲ್ ಬಂತು, ಹಚ್ ಬಂತು, ಬೆನ್ನಿಗೇ ರಿಲಯನ್ಸ್. 2003ರ ಮೇ 1ರಿಂದ ಬರುವ ಕರೆ ಉಚಿತವಾಯಿತು. ಬಡವರ ಕೈಗೆ ಮೊಬೈಲ್ ಬಂದದ್ದು ನಿಜವಾಗಿ ಆ ದಿನದಿಂದ ಎನ್ನಬೇಕು. 2005ರ ಕೊನೆಗೆ ಲೈಫ್‌ಟೈಮ್ ಕಾರ್ಡುಗಳು, 2009ರಲ್ಲಿ ಟಾಟಾ ಡೊಕೊಮೊದ ಸೆಕೆಂಡಿಗೆ ಒಂದು ಪೈಸೆ. ಮಿಸ್ಡ್ ಕಾಲ್ ಎಂಬುದು ಒಂದು ಭಾಷೆಯೇ ಆಗಿಹೋಯಿತು. ಒಂದು ರಿಂಗ್ ಎಂದರೆ ಬಸ್ ಹತ್ತಿದೆ, ಎರಡು ಎಂದರೆ ಬಂದು ತಲುಪಿದೆ. ಖಾಲಾ ಓದು ಬಲ್ಲವರಲ್ಲ, ಆದರೆ ಆ ಭಾಷೆಯಲ್ಲಿ ನಮಗಿಂತ ಪಂಡಿತೆ.

ಗಡಿಯವರಿಗೆ ಇನ್ನೊಂದು ಕಾಟವಿತ್ತು. ಮನೆಯ ಹಿತ್ತಲಿಗೆ ಹೋದರೆ ಫೋನು ಹಿಂದೂಪುರದ ಕಡೆಯ ಟವರನ್ನು ಹಿಡಿದುಬಿಡುತ್ತಿತ್ತು. ಅದು ಆಂಧ್ರ ಸರ್ಕಲ್. ಹಾಗಾಗಿ ರೋಮಿಂಗ್! ಅಂಗಳದಲ್ಲಿ ಪುಕ್ಕಟೆಯಾದ ಕರೆಗೆ ಹಿತ್ತಲಲ್ಲಿ ದುಡ್ಡು. 2008ರಲ್ಲಿ ಆಂಧ್ರದಲ್ಲಿ ಮೊದಲೇ ಇದ್ದ ಐಡಿಯಾ ಕಂಪೆನಿ ನಮ್ಮ ಸ್ಪೈಸನ್ನು ಕೊಂಡಾಗ, ಇನ್ನು ಎರಡೂ ಕಡೆ ಒಂದೇ ಕಂಪೆನಿ, ಈ ಪೀಡೆ ತೊಲಗಿತು ಎಂದುಕೊಂಡೆವು. ತೊಲಗಲಿಲ್ಲ. ಕಂಪೆನಿ ಒಂದಾದರೂ ಸರ್ಕಲ್ ಎರಡೇ. ರೋಮಿಂಗ್ ದರ ಪೂರ್ತಿ ಹೋದದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು, ಅದರ ಭಯಕ್ಕೆ ಉಳಿದವರೂ ಬಿಟ್ಟುಕೊಟ್ಟಾಗ. ಎರಡು ಕಂಪೆನಿ ಒಂದಾದಾಗ ಸಿಗದ ರಿಯಾಯಿತಿ, ಹೊಸದೊಂದು ಬಂದಾಗ ಸಿಕ್ಕಿತು.

ಆದರೆ ಆ ಹೊಸಬನ ಏಟಿಗೆ ಹಳಬರು ಉರುಳತೊಡಗಿದರು. 2017ರ ಡಿಸೆಂಬರಿನಲ್ಲಿ ರಿಲಯನ್ಸ್ ಕಮ್ಯುನಿಕೇಶನ್ಸ್ ಕರೆ ಸೇವೆ ನಿಲ್ಲಿಸಿತು. 2018ರ ಆರಂಭದಲ್ಲಿ ಏರ್‌ಸೆಲ್ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಆಗಸ್ಟ್ 31ರಂದು ವೊಡಾಫೋನ್ ಮತ್ತು ಐಡಿಯಾ ಒಂದಾದವು. 2019ರ ಜುಲೈಯಲ್ಲಿ ಟಾಟಾದ ಮೊಬೈಲ್ ಗ್ರಾಹಕರು ಏರ್‌ಟೆಲ್ ಪಾಲಾದರು. ಹತ್ತಾರು ಹೆಸರುಗಳಿದ್ದ ಕಡೆ ಮೂರು ಖಾಸಗಿ ಕಂಪೆನಿಗಳು ಮತ್ತು ಒಂದು ಸರಕಾರಿ ಕಂಪೆನಿ ಉಳಿದವು.

ಇಬ್ಬರ ಟವರುಗಳೂ ಸೇರಿದರೆ ಸಿಗ್ನಲ್ ಇಮ್ಮಡಿಯಾಗಬೇಕಲ್ಲ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಗಿಲ್ಲ. ಜನ, ವ್ಯಾಪಾರ ಇರುವಲ್ಲಿ ಇಬ್ಬರೂ ಮೊದಲೇ ನಿಂತಿರುತ್ತಾರೆ. ಒಂದಾದ ಮೇಲೆ ಒಂದೇ ಜಾಗದಲ್ಲಿ ಎರಡು ಉಪಕರಣಗಳಿಗೆ ಬಾಡಿಗೆ ಯಾಕೆಂದು ಒಂದನ್ನು ಕಳಚುತ್ತಾರೆ. ತರಂಗಾಂತರ ಕೂಡುವುದರಿಂದ ಪೇಟೆಯ ದಟ್ಟಣೆ ಸ್ವಲ್ಪ ತಗ್ಗುವುದು ನಿಜ. ಆದರೆ ಇಬ್ಬರೂ ಹೋಗದಿದ್ದ ಗುಡ್ಡದ ಹಿಂದಿನ ಹಳ್ಳಿಗೆ ಆ ವಿಲೀನದಿಂದಲೇ ಹೊಸ ಟವರು ಬರುವುದಿಲ್ಲ. ಒಂದಾದಾಗ 40 ಕೋಟಿಗೂ ಮಿಕ್ಕಿದ್ದ ವೊಡಾಫೋನ್ ಐಡಿಯಾ ಗ್ರಾಹಕರು 2025ರ ಹೊತ್ತಿಗೆ ಸುಮಾರು 20 ಕೋಟಿಗೆ ಇಳಿದಿದ್ದರು. ಕಂಪೆನಿಯ ಬಾಕಿಯನ್ನು ಷೇರುಗಳಾಗಿ ಬದಲಿಸಿಕೊಂಡ ಕೇಂದ್ರ ಸರಕಾರವೇ ಆ ವರ್ಷ ಅದರ ಸುಮಾರು ಅರ್ಧದಷ್ಟು ಪಾಲಿಗೆ ಒಡೆಯನಾಯಿತು. ಖಾಸಗೀಕರಣದ ಕಥೆಯಲ್ಲಿ ಇದೊಂದು ತಮಾಷೆಯ ಅಧ್ಯಾಯ.

ಇನ್ನು ದರ. ಇಂಟರ್‌ನೆಟ್ ಅಗ್ಗವಾದದ್ದನ್ನು ನಾವು ಅಲ್ಲಗಳೆಯುವುದಿಲ್ಲ. ದಿನಕ್ಕೆ ಎರಡು ಸಿನಿಮಾ ನೋಡುವ ಹುಡುಗನಿಗೆ ಇದು ಲಾಭದ ಕಾಲವೇ. ಪೆಟ್ಟು ಬಿದ್ದದ್ದು ಬರೀ ಕರೆ ಕೇಳುವವರಿಗೆ. 2018ರ ಕೊನೆಯಲ್ಲಿ ‘ಕನಿಷ್ಠ ರೀಚಾರ್ಜ್’ ಎಂಬುದು ಹುಟ್ಟಿಕೊಂಡಿತು. 28 ದಿನಕ್ಕೆ 35 ರೂಪಾಯಿ ಹಾಕದಿದ್ದರೆ ಹೋಗುವ ಕರೆ ಬಂದ್, ಆಮೇಲೆ ಬರುವ ಕರೆಯೂ ಬಂದ್. ಲೈಫ್‌ಟೈಮ್ ಎಂದಿದ್ದಿರಲ್ಲ ಎಂದು ಕೇಳಿದವರಿಗೆ ಆಗ ತಿಳಿದದ್ದು, ಆ ‘ಲೈಫ್’ ಗ್ರಾಹಕನದ್ದಲ್ಲ, ಕಂಪೆನಿಯ ಲೈಸೆನ್ಸಿನದ್ದು ಎಂದು. ಏರ್‌ಟೆಲ್ 2023ರ ಜನವರಿಯಲ್ಲಿ ಕರ್ನಾಟಕದಲ್ಲಿ ಕನಿಷ್ಠ ದರವನ್ನು 99ರಿಂದ 155 ರೂಪಾಯಿಗೆ ಏರಿಸಿತು. 2024ರ ಜುಲೈಯಲ್ಲಿ ಮೂರೂ ಖಾಸಗಿ ಕಂಪೆನಿಗಳು ಕೆಲವೇ ದಿನಗಳ ಅಂತರದಲ್ಲಿ ದರ ಹೆಚ್ಚಿಸಿದಾಗ ಅದರ 28 ದಿನಗಳ ಪ್ಯಾಕ್ 199 ಆಯಿತು. ಸಾಲ, ತರಂಗಾಂತರದ ಹಣ, 2019ರ ಸುಪ್ರೀಂ ಕೋರ್ಟ್ ತೀರ್ಪಿನ ಬಾಕಿ ಎಂದು ಕಂಪೆನಿಗಳು ಕಾರಣ ಹೇಳುತ್ತವೆ. ಸುಳ್ಳೇನಲ್ಲ. ಆದರೆ ಹತ್ತು ಕಂಪೆನಿಗಳಿದ್ದಾಗ ಎಲ್ಲರೂ ಹೀಗೆ ಒಟ್ಟಿಗೆ ಏರಿಸುವುದು ಇಷ್ಟು ಸುಲಭವಿರಲಿಲ್ಲ.

ಟ್ರಾಯ್ ಆದೇಶದ ಮೇಲೆ 2025ರ ಜನವರಿಯಲ್ಲಿ ಇಂಟರ್‌ನೆಟ್ ಇಲ್ಲದ, ಬರೀ ಕರೆಯ ಪ್ಯಾಕುಗಳು ಬಂದವು. ಏರ್‌ಟೆಲ್‌ನದು 84 ದಿನಕ್ಕೆ 469 ರೂಪಾಯಿ. ದಿನದ ಲೆಕ್ಕದಲ್ಲಿ ಕಡಿಮೆಯೇ. ಆದರೆ ದಿನಗೂಲಿಯ ಮನೆಯಲ್ಲಿ 469 ರೂಪಾಯಿ ಒಟ್ಟಿಗೆ ಎಲ್ಲಿರುತ್ತದೆ?

ಖಾಲಾರ ಸಿಮ್ ಸತ್ತದ್ದು ಅವರಿಗೆ ಹದಿನೈದು ದಿನ ಗೊತ್ತೇ ಆಗಿರಲಿಲ್ಲ. ಹ್ಯಾಂಡ್‌ಸೆಟ್ ಚಾರ್ಜಿಗೆ ಹಾಕಿ, ದಿಂಬಿನ ಪಕ್ಕದಲ್ಲಿಟ್ಟುಕೊಂಡು, ಮಗ ಯಾಕೆ ಮುನಿಸಿಕೊಂಡ ಎಂದು ಯೋಚಿಸುತ್ತಿದ್ದರಂತೆ. ಅತ್ತ ಮಗ ಗಾಬರಿಯಾಗಿ ನಮಗೆ ಫೋನ್ ಮಾಡಿದ. ಬ್ಯಾಂಕಿಗೂ ರೇಷನ್ ಕಾರ್ಡಿಗೂ ಕೊಟ್ಟಿದ್ದ ನಂಬರ್ ಅದೇ. ಅವನ್ನೆಲ್ಲ ಬದಲಿಸಲು ಗೌರಿಬಿದನೂರಿಗೆ ನಾಲ್ಕು ಸಲ ಅಲೆದೆವು. ಈಗ ಖಾಲಾರ ಹತ್ತಿರ ಬೇರೆ ನಂಬರಿದೆ, ರೀಚಾರ್ಜ್ ಮಗನೇ ಅಲ್ಲಿಂದ ಮಾಡಿಸುತ್ತಾನೆ. ಹಳೆಯ ನಂಬರು ನಮ್ಮ ಫೋನಿನಲ್ಲಿ ಹಾಗೇ ಉಳಿದಿತ್ತು. ಕಳೆದ ರಂಜಾನಿನಲ್ಲಿ ಕೈತಪ್ಪಿ ಅದಕ್ಕೇ ಕರೆ ಹೋಯಿತು. ಹುಬ್ಬಳ್ಳಿ ಕಡೆಯ ಕನ್ನಡದಲ್ಲಿ ಒಬ್ಬ ಹುಡುಗ ‘ಯಾರ್ರೀ?’ ಎಂದ.