ನಡೆದವರ ನಾಲವಾರ

ನಮ್ಮ ಕಡೆ ಗಟ್ಟಿ ಆಳು ಎಂದರೆ ತಾಲೀಮಿನ ಪೈಲವಾನ. ಜಾತ್ರೆಯಲ್ಲಿ ಗುಂಡುಕಲ್ಲು ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಒಗೆದವನಿಗೆ ಬೆಳ್ಳಿ ಕಡಗ, ಹಲಗೆ, ಮೆರವಣಿಗೆ. ದಿನಾ ಹತ್ತಾರು ಮೈಲಿ ನಡೆದವನಿಗೆ ಯಾರಾದರೂ ಕಡಗ ತೊಡಿಸಿದ್ದನ್ನು ನಾನಂತೂ ಕಂಡಿಲ್ಲ. ಪಿ.ಟಿ. ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ನಾಲವಾರದ ಮೈಕಟ್ಟಿನ ಇತಿಹಾಸ ಬರೆಯಬೇಕೆಂದರೆ ಕಲ್ಲೆತ್ತಿದವರಿಗಿಂತ ಮೊದಲು ನಡೆದವರನ್ನು ಬರೆಯಬೇಕು ಎನ್ನುವುದು ನನ್ನ ಹಟ.

ರೈಲು ಬಂದ ಮೇಲೆ ಜನ ನಡೆಯುವುದು ಬಿಟ್ಟರು ಎನ್ನುತ್ತಾರೆ. ನಮ್ಮಲ್ಲಿ ಆದದ್ದು ಹಾಗಲ್ಲ. ಜಿ.ಐ.ಪಿ. ರೈಲ್ವೆಯ ಹಳಿ 1871ರಲ್ಲಿ ರಾಯಚೂರು ಮುಟ್ಟಿ ಮುಂಬಯಿ–ಮದ್ರಾಸುಗಳನ್ನು ಕೂಡಿಸಿತು; 1874ಕ್ಕೆ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೊರಟಿತು. ರಾಯಚೂರಿನ ಆ ಹಳಿಯ ದಂಡೆಯ ಊರು ನಮ್ಮ ನಾಲವಾರ. ಸನ್ನತಿಯ ಚಂದ್ರಲಾಂಬೆಗೆ ಹೋಗುವವರು ಇಲ್ಲಿಯೇ ಇಳಿಯಬೇಕು, ಮುಂದೆ ಭೀಮಾ ದಂಡೆಯವರೆಗೆ ಸುಮಾರು 20 ಕಿಲೋಮೀಟರ್. ಚಕ್ಕಡಿ ಇದ್ದವರು ಚಕ್ಕಡಿ ಹೂಡಿದರು, ಇಲ್ಲದವರು ನಡೆದರು. ಚುರುಕಾಗಿ ನಡೆದರೂ ನಾಲ್ಕು ತಾಸಿನ ದಾರಿ. ರೈಲು ತಂದು ಬಿಟ್ಟದ್ದು ದೇವಿಯ ಬಾಗಿಲಿಗಲ್ಲ, ನಡಿಗೆಯ ಬಾಗಿಲಿಗೆ.

ಹಳಿ ಹೊಸದೊಂದು ನಡಿಗೆಯ ಕಸುಬನ್ನೂ ಹುಟ್ಟಿಸಿತು: ಕೀಮ್ಯಾನ್. ಹೆಗಲ ಮೇಲೆ ಸುತ್ತಿಗೆ, ಪಾನಾ, ಸುತ್ತಿದ ಬಾವುಟ. ಜಲ್ಲಿಯ ಮೇಲೆ ಕಾಲು ಜಾರದಂತೆ ಸ್ಲೀಪರಿನಿಂದ ಸ್ಲೀಪರಿಗೆ ಹೆಜ್ಜೆ, ಕಣ್ಣು ಹಳಿಯ ಮೇಲೆ; ಸಡಿಲಾದ ಕೀಲಿ ಕಂಡರೆ ನಿಂತು ಎರಡು ಪೆಟ್ಟು, ಮತ್ತೆ ನಡಿಗೆ. ತನ್ನ ಪಾಲಿನ ಹಳಿಯನ್ನು ದಿನಾ ಹೋಗಿ ಬಂದು ನೋಡಬೇಕು. ಅದೇ ಸ್ಟೇಷನ್ನಿನ ಬಾಬು ಕುರ್ಚಿ ಬಿಟ್ಟು ಏಳುವುದು ಗಾಡಿ ಬಂದಾಗ. ಲಂಡನ್ನಿನ ವೈದ್ಯ ಜೆರೆಮಿ ಮಾರಿಸ್ ಇಂಥದೇ ಜೋಡಿಯನ್ನು ಹಿಡಿದು 1953ರಲ್ಲಿ ದೊಡ್ಡ ಮಾತೊಂದನ್ನು ತೋರಿಸಿಕೊಟ್ಟರು. ಡಬಲ್ ಡೆಕ್ಕರ್ ಬಸ್ಸಿನಲ್ಲಿ ಕೂತೇ ಇರುವ ಡ್ರೈವರುಗಳಿಗಿಂತ, ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ. ಟಪಾಲು ಹಂಚುವವರಿಗೂ ಟಪಾಲು ಕಚೇರಿಯ ಗುಮಾಸ್ತರಿಗೂ ಇದೇ ಅಂತರ.

ಆದರೆ ನಮ್ಮ ಕಡೆಯ ನಿಜವಾದ ಪರೀಕ್ಷೆ ಶ್ರೀಶೈಲದ ದಾರಿ. ಯುಗಾದಿಗೆ ಮುಂಚೆ, ಬಿಸಿಲು ಕಾಯತೊಡಗಿದ ದಿನಗಳಲ್ಲಿ, ಈ ಸೀಮೆಯ ಊರೂರುಗಳಿಂದ ಕಂಬಿ ಹೊತ್ತು ಜನ ಹೊರಡುತ್ತಾರೆ. ಮರಗಾಲು ಕಟ್ಟಿಕೊಂಡು ಹೋಗುವ ಹರಕೆಯವರೂ ಉಂಟು. ಕೃಷ್ಣೆ ದಾಟಿ, ತುಂಗಭದ್ರೆ ದಾಟಿ, ಆತ್ಮಕೂರಿನ ಆಚೆ ವೆಂಕಟಾಪುರದಿಂದ ನಲ್ಲಮಲದ ಕಾಡು. ನಾಗಲೂಟಿ, ಪೆದ್ದಚೆರುವು, ಆಮೇಲೆ ಭೀಮನ ಕೊಳ್ಳ. ಹಿರಿಯರು ಮೊದಲ ಸಲ ಬಂದವರಿಗೆ ಹೇಳುವುದು ಒಂದೇ ಮಾತು: "ಮಾತಾಡ್ಕೋತ ನಡಿ ತಮ್ಮಾ, ತೇಕು ಹತ್ತಿದ್ರ ಸಾವಕಾಶ ಮಾಡು." ಬಯಲಿನಲ್ಲಿ ಪದ ಹಾಡುತ್ತ ನಡೆಯುತ್ತಾರೆ. ಏರು ಸಿಕ್ಕಾಗ ಹಾಡು ಮಾತಾಗುತ್ತದೆ. ಭೀಮನ ಕೊಳ್ಳ ಇಳಿದು ಕೈಲಾಸ ಬಾಗಿಲಿನ ಮೆಟ್ಟಿಲು ಹತ್ತುವಾಗ ಮಾತೂ ನಿಂತು "ಮಲ್ಲಯ್ಯಾ" ಎಂಬ ಒಂದು ಕೂಗಷ್ಟೇ ಉಳಿಯುತ್ತದೆ. ವ್ಯಾಯಾಮದ ವೈದ್ಯರು ಈಗ ಹೇಳುವುದೂ ಇದೇ ಅಳತೆ. ಮಾತು ಬಂದು ಹಾಡು ಬಾರದಿದ್ದರೆ ಮಧ್ಯಮ ಶ್ರಮ, ನಾಲ್ಕು ಪದಕ್ಕೇ ಉಸಿರು ಕಟ್ಟಿದರೆ ಜೋರು ಶ್ರಮ.

ಆ ದಾರಿಯಲ್ಲಿ ತಾಲೀಮಿನ ತೊಡೆಯವರು ಕೂತುಬಿಟ್ಟು, ಕುರಿ ಕಾಯುವ ಒಣಕಲು ಮುದುಕರು ಮುಂದೆ ಹೋಗುವುದು ಎಲ್ಲರಿಗೂ ಗೊತ್ತಿರುವ ತಮಾಷೆ. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್‌ಗೂ ಇದೇ ಒಗಟು ಕಾಡಿತ್ತು: ಇಷ್ಟು ಗಟ್ಟಿ ತೋಳಿನವರು ದೂರದ ಓಟದಲ್ಲೇಕೆ ಸೋಲುತ್ತಾರೆ? 1968ರಲ್ಲಿ ಅವರು ಬರೆದ ‘ಏರೋಬಿಕ್ಸ್’ ಪುಸ್ತಕದಿಂದ ಆ ಹೆಸರು ಜಗತ್ತಿನ ಬಾಯಿಗೆ ಬಂತು. ಗುಂಡು ಎತ್ತುವುದು ಉಸಿರು ಬಿಗಿಹಿಡಿದು ಮುಗಿಸುವ ಕೆಲವೇ ಕ್ಷಣದ ಕೆಲಸ. ಸ್ನಾಯುವಿನಲ್ಲಿ ಕೂಡಿಟ್ಟ ಶಕ್ತಿಯೇ ಸಾಕು. ನಡಿಗೆ ತಾಸುಗಟ್ಟಲೆ ಆಮ್ಲಜನಕ ಬೇಡುತ್ತದೆ. ಕೂತಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳಿದರೆ, ಜೋರು ಓಟದಲ್ಲಿ ಅದು 20 ದಾಟುತ್ತದೆ. ವಾರಗಟ್ಟಲೆ ರೂಢಿ ಮಾಡಿದರೆ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಹರಿಯುತ್ತದೆ, ಅದಕ್ಕೇ ಕೂತಾಗಿನ ನಾಡಿ ಇಳಿಯುತ್ತದೆ. ಪುಪ್ಪುಸವೇನೂ ಹಿಗ್ಗುವುದಿಲ್ಲ, ದಮ್ಮು ಹೆಚ್ಚಾಯಿತು ಎಂದು ನಾವು ಎದೆ ತಟ್ಟಿಕೊಳ್ಳುವುದರಲ್ಲಿ ಬಹುಪಾಲು ಹೃದಯದ್ದು, ಕಾಲಿನ ಸ್ನಾಯುಗಳದ್ದು. ಶಹಾಬಾದಿನ ಕಲ್ಲುಗಣಿಯಲ್ಲಿ ಧೂಳು ಕುಡಿದ ಪುಪ್ಪುಸಕ್ಕೆ ಮಾತ್ರ ಯಾವ ನಡಿಗೆಯೂ ಮದ್ದಲ್ಲ. ಅಲ್ಲಿ ಬೇಕಾದದ್ದು ಧೂಳು ತಡೆಯುವ ನೀರು ಮತ್ತು ಮುಖಕವಚ, ನನ್ನಂಥ ಮಾಸ್ತರನ ಉಪದೇಶವಲ್ಲ.

ಕೂಪರ್ 12 ನಿಮಿಷ ಓಡಿಸಿ ದೂರ ಅಳೆದರು. ಈಗ ನಮ್ಮ ಹುಡುಗರ ಹೃದಯ ಅಳೆಯುವುದು ಪೊಲೀಸ್ ಭರ್ತಿ: ಕಾನ್‌ಸ್ಟೇಬಲ್ ಆಗಬೇಕಾದರೆ 1600 ಮೀಟರ್, ಆರೂವರೆ ನಿಮಿಷ. ನಸುಕಿನಲ್ಲಿ ಬಯಲಿಗೆ ಬರುವ ಹುಡುಗರು ಮೊದಲ ಸುತ್ತಿನಲ್ಲೇ ಹುಲಿಯಂತೆ ಹಾರಿ, ಮೂರನೆಯದಕ್ಕೆ ಸೊಂಟ ಹಿಡಿದು ನಿಲ್ಲುತ್ತಾರೆ. ವಾರದಲ್ಲಿ ನಾಲ್ಕು ದಿನ ಮಾತಾಡಿಕೊಂಡು ಓಡುವಷ್ಟು ನಿಧಾನ ಓಡಿ, ಎರಡೇ ದಿನ ಜೋರು ಓಡಿ ಎಂದರೆ, "ಸರ್, ನಿಧಾನ ಓಡಿ ಪಾಸ್ ಹ್ಯಾಂಗ ಆಗ್ತೀವ್ರೀ?" ಎಂದು ನಗುತ್ತಾರೆ. ಮನೆಯಲ್ಲಿ ಶ್ರೀಶೈಲ ನಡೆದ ಅಜ್ಜ ಇದ್ದವರು ಮಾತ್ರ ಬೇಗ ಕೇಳುತ್ತಾರೆ.

ಹೆಣ್ಣುಮಕ್ಕಳಿಗೆ ಅದೇ ಭರ್ತಿಯಲ್ಲಿ 400 ಮೀಟರ್, ಎರಡು ನಿಮಿಷ. ಇದು ನನಗೆ ಸರಿಕಾಣದು. ಎರಡು ನಿಮಿಷದಲ್ಲಿ ಕಾಲಿನ ಚುರುಕು ತಿಳಿದೀತು, ದೂರಕ್ಕೆ ತಾಳುವ ದಮ್ಮು ತಿಳಿಯುವುದಿಲ್ಲ. ರೊಟ್ಟಿ ಗಂಟು ಹೊತ್ತು ಭೀಮನ ಕೊಳ್ಳ ಹತ್ತುವ ಹೆಂಗಸರನ್ನು ನೋಡಿದವರು ಈ ನಿಯಮ ಬರೆದಿರಲಿಕ್ಕಿಲ್ಲ.